ದುರ್ಗಗಳೂ ದೊಣೆಗಳೂ



ಪ್ರವಾಸವೆಂದೊಡನೆ ನಮ್ಮ ವಿದ್ಯಾವಂತರ ಮನಸ್ಸು ಹಂಪೆಗೋ ಹಳೇಬೀಡಿಗೋ, ಕೈಯಲ್ಲಿ ನಾಲ್ಕು ಕಾಸು ಹೆಚ್ಚಾಗಿದ್ದರೆ ಕಾಶ್ಮೀರಕ್ಕೋ ಹಾರುವುದು ವಾಡಿಕೆ. ನಾನು ಈ ಹೊತ್ತು ತಮ್ಮ ಮುಂದಿಡಲಿರುವುದು ಅಂತಹ ಪ್ರವಾಸದ ಕಥೆಯಲ್ಲ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು ದೀಪ ಹಚ್ಚುವ ವೇಳೆಗೆ ಮನೆ ಸೇರಬಹುದಾದ ಊರುಗಳು ಇವು. ಹೋದವರು ನಾನು ಮತ್ತು ನನ್ನ ಸಹಧರ್ಮಿಣಿ, ಇಬ್ಬರೇ.

ಮಧುಗಿರಿಗೆ ನಾನು ಇಂಗ್ಲಿಷ್ ಪಾಠ ಹೇಳಲು ಬಂದು ಹದಿನಾಲ್ಕು ವರ್ಷಗಳಾದುವು. ನಮ್ಮ ಅಡಿಗೆಮನೆಯ ಕಿಟಕಿಯನ್ನು ತೆರೆದರೆ ಅದರ ತುಂಬ ಬೆಟ್ಟವೇ. ಒಂದೇ ಬಂಡೆಯಾಗಿ ಎದ್ದುನಿಂತಿರುವ ಆ ಗಿರಿಯ ನೆತ್ತಿ ಸಮುದ್ರಮಟ್ಟದಿಂದ ಸುಮಾರು 3,900 ಅಡಿಗಳ ಎತ್ತರದಲ್ಲಿದೆ. ವರ್ಡ್ಸ್‌ವರ್ತ್ ಕವಿ ಸುತ್ತಾಡಿದ ಬೆಟ್ಟಗಳನ್ನು ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಹತ್ತಿಸಿ ಇಳಿಸುತ್ತಿದ್ದ ನಾನು, ಕಿಟಕಿಯಾಚೆಗಿನ ಈ ಬೆಟ್ಟವನ್ನು ಒಮ್ಮೆಯೂ ಹತ್ತಿರಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕಾಗಿದೆ.

ಹೊರಡುವುದಕ್ಕೆ ಕಾರಣವಾದುದು ಚರಿತ್ರೆಯ ಮೇಲಿನ ಪ್ರೀತಿಯಲ್ಲ. ಮಗಳು ಓದಿಗಾಗಿ ಬೆಂಗಳೂರು ಸೇರಿದಳು. ಅವಳ ಊಟ, ಅವಳ ಪರೀಕ್ಷೆ, ಅವಳ ಕೆಮ್ಮು, ಇಷ್ಟರಲ್ಲಿಯೇ ಹದಿನೇಳು ವರ್ಷಗಳ ಸಂಭಾಷಣೆ ನಡೆದುಹೋಗಿತ್ತು. ಅವಳು ಹೋದ ಮೇಲೆ ನಾವಿಬ್ಬರೂ ಊಟಕ್ಕೆ ಕುಳಿತರೆ ತಟ್ಟೆಯ ಸದ್ದು ಮಾತ್ರ ಕೇಳುತ್ತಿತ್ತು. ಹೀಗೆ ಕೆಲವು ತಿಂಗಳು ಕಳೆದು ಮಾರ್ಗಶಿರದ ಒಂದು ಶನಿವಾರ ರಾತ್ರಿ ಆಕೆ ಕಿಟಕಿಯತ್ತ ನೋಡುತ್ತ, “ನಾಳೆ ಇದನ್ನು ಹತ್ತಿಬಿಡೋಣವೇ?” ಎಂದಳು. ಬೇಡವೆನ್ನಲು ನನಗೆ ತಕ್ಷಣಕ್ಕೆ ನೆಪ ತೋಚಲಿಲ್ಲ.

ನಾನು ಪುಸ್ತಕದ ಮನುಷ್ಯ. 1897ರಲ್ಲಿ ಅಚ್ಚಾದ ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಿಂದ ಟಿಪ್ಪಣಿ ಮಾಡಿಕೊಂಡು ಹೊರಟೆ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು ಎಂದು ಒಂದೊಂದು ಬಾಗಿಲಿನಲ್ಲಿಯೂ ನಿಂತು ಓದಿ ಹೇಳಿದೆ. ಆಕೆ ತಾಳ್ಮೆಯಿಂದ ಕೇಳಿ ಕೊನೆಗೆ ಒಂದು ಪ್ರಶ್ನೆಯನ್ನು ಹಾಕಿದಳು: “ಇಷ್ಟು ಜನ ಈ ಬಂಡೆಯ ಮೇಲೆ ಇದ್ದರಲ್ಲ, ಕುಡಿಯುವ ನೀರನ್ನು ಎಲ್ಲಿಂದ ತರುತ್ತಿದ್ದರು? ತರುತ್ತಿದ್ದವರು ಯಾರು?”

ನನ್ನ ಟಿಪ್ಪಣಿಯಲ್ಲಿ ಮುತ್ತಿಗೆ ಹಾಕಿದವರ ಹೆಸರುಗಳಿದ್ದುವೇ ಹೊರತು ಬಿಂದಿಗೆ ಹೊತ್ತವರ ಹೆಸರಿರಲಿಲ್ಲ. ಉತ್ತರ ಬೆಟ್ಟದಲ್ಲಿಯೇ ಇತ್ತು. ಬಂಡೆಯ ತಗ್ಗುಗಳಲ್ಲಿ ಮಳೆಯ ನೀರನ್ನು ತಡೆದು ನಿಲ್ಲಿಸಿದ ದೊಣೆಗಳು: ನವಿಲುದೊಣೆ, ಭೀಮನದೊಣೆ ಎಂದು ಅವಕ್ಕೆ ಹೆಸರು. ಅಂದಿನಿಂದ ನಮ್ಮ ಪ್ರವಾಸಗಳಲ್ಲಿ ಕೆಲಸ ಹಂಚಿಕೆಯಾಯಿತು. ಬಾಗಿಲು ಬುರುಜುಗಳು ನನ್ನವು, ದೊಣೆಗಳು ಆಕೆಯವು.

ಮೇಲಣ ಅರ್ಧದಲ್ಲಿ ಬಂಡೆ ಗೋಡೆಯಂತೆ ಕಡಿದಾಗುತ್ತದೆ. ಕಲ್ಲಿನಲ್ಲಿ ಕೊರೆದ ಮೆಟ್ಟಿಲುಗಳಿವೆ, ಹಿಡಿಯಲು ಕಬ್ಬಿಣದ ಕಂಬಿಯಿದೆ. ಧೈರ್ಯವನ್ನು ಮಾತ್ರ ನಾವೇ ಒಯ್ಯಬೇಕು. ನಾನು ಒಂದೆಡೆ ಕುಳಿತೇಬಿಟ್ಟೆ. ಕೆಳಗಿನ ಊರು ತಟ್ಟೆಯಲ್ಲಿ ಹರಡಿದ ಅಕ್ಕಿಯಂತೆ ಕಾಣುತ್ತಿತ್ತು. ಆಕೆ ಚಪ್ಪಲಿಯನ್ನು ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಾಲ್ಕು ಮೆಟ್ಟಿಲು ಮುಂದೆ ಹೋಗಿ ಕೈ ನೀಡಿದಳು. “ಕೆಳಗೆ ನೋಡಬೇಡಿ, ನನ್ನ ಹಿಮ್ಮಡಿಯನ್ನು ನೋಡಿಕೊಂಡು ಬನ್ನಿ” ಎಂದಳು. ಹಾಗೆಯೇ ಹತ್ತಿದೆ. ಸಪ್ತಪದಿಯಲ್ಲಿ ನಾನು ಮುಂದೆ, ಆಕೆ ಹಿಂದೆ ಇದ್ದುದು ಆಗ ನೆನಪಾಗಿ ನಗು ಬಂದಿತು.

ನೆತ್ತಿಯಲ್ಲಿ ಪಾಳುಬಿದ್ದ ಗುಡಿಯ ನೆರಳಿನಲ್ಲಿ ಬುತ್ತಿಯನ್ನು ಬಿಚ್ಚಿದಾಗ ಬಿದನೂರಿನ ರಾಣಿ ವೀರಮ್ಮಾಜಿಯ ವಿಷಯ ಹೇಳಿದೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರನು ಆಕೆಯನ್ನೂ ಆಕೆಯ ದತ್ತುಪುತ್ರನನ್ನೂ ಸೆರೆಯಲ್ಲಿಟ್ಟುದು ಈ ದುರ್ಗದಲ್ಲಿ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಕೋಟೆಯನ್ನು ಹಿಡಿದಾಗ ಆಕೆಗೆ ಬಿಡುಗಡೆಯಾಯಿತು; ಪುಣೆಯನ್ನು ಸೇರುವ ಮೊದಲೇ ದಾರಿಯಲ್ಲಿ ತೀರಿಹೋದಳೆಂದು ಹೇಳುತ್ತಾರೆ. ನನ್ನಾಕೆ ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಹಿಡಿದು ಕೇಳುತ್ತಿದ್ದಳು. “ಬಿದನೂರಿನಲ್ಲಿ ತಿಂಗಳುಗಟ್ಟಲೆ ಮಳೆಯಲ್ಲವೇ?” ಎಂದಳು. ಹೌದೆಂದೆ. “ನಾಲ್ಕು ಮಳೆಗಾಲಗಳನ್ನು ಇಲ್ಲಿ ಕಳೆದಳೇ ಹಾಗಾದರೆ!” ಇಷ್ಟು ವರ್ಷ ಇಸವಿಗಳನ್ನು ಬಾಯಿಪಾಠ ಮಾಡಿದ ನನಗೆ ಆ ಲೆಕ್ಕ ಹೊಳೆದಿರಲಿಲ್ಲ.

ಕೊರಟಗೆರೆಯ ಕಡೆಗೆ ಎರಡು ಸಲ ಹೋದೆವು. ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ ಜನಸಂದಣಿ ವಿಪರೀತ. ಸಾಲಿನಲ್ಲಿ ನಿಂತು ನಾವಿಬ್ಬರೂ ಬೇರೆಬೇರೆಯಾಗಿ ಹೊರಬಂದು ಅರ್ಧ ಗಂಟೆ ಒಬ್ಬರನ್ನೊಬ್ಬರು ಹುಡುಕಿದ್ದೇ ಸಾಹಸ. ಸಿದ್ಧರಬೆಟ್ಟದ ಗುಹೆಯಲ್ಲಿ ಜಿನುಗುವ ನೀರು ಆಕೆಯ ಪಟ್ಟಿಗೆ ಸೇರಿತು. ದೇವರಾಯನದುರ್ಗದಲ್ಲಿ ಹುಟ್ಟಿ ಬರುವ ಜಯಮಂಗಲಿಯ ಪಾತ್ರದಲ್ಲಿ ಆ ದಿನ ಮರಳಿತ್ತು, ಹೊಳೆಯಿರಲಿಲ್ಲ.

ಸಿರಾಕ್ಕೆ ಹೋದುದು ಫಾಲ್ಗುಣದಲ್ಲಿ. 1687ರಲ್ಲಿ ಮೊಗಲರು ಅದನ್ನು ಸುಬೆಯ ರಾಜಧಾನಿಯನ್ನಾಗಿ ಮಾಡಿದರು. 1651ರ ಮಲಿಕ್ ರಿಹಾನನ ಗೋರಿಯನ್ನೂ 1696ರ ಜುಮ್ಮಾ ಮಸೀದಿಯನ್ನೂ ನೋಡಿದೆವು. ಇಲ್ಲಿದ್ದ ಖಾನ್‌ಬಾಗಿನ ಮಾದರಿಯಲ್ಲಿಯೇ ಬೆಂಗಳೂರಿನ ಲಾಲ್‌ಬಾಗ್ ಹುಟ್ಟಿತೆಂಬ ಮಾತನ್ನು ನಾನು ಎರಡು ಬಾರಿ ಹೇಳಿದೆನೆಂದು ಆಕೆಯ ದೂರು. ಆಕೆಯ ಮನಸ್ಸೆಲ್ಲ ಕಗ್ಗಲಡುವಿನ ಮೇಲಿತ್ತು. ಸಿರಾದಿಂದ ಆಟೋದಲ್ಲಿ ಆ ಹಳ್ಳಿಯನ್ನು ಸೇರಿದರೆ, ಮನೆಗಳ ನಡುವಣ ಹುಣಿಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿಕೊಂಡು ಸಂಸಾರ ಹೂಡಿದ್ದುವು. ಕೆಳಗೆ ಕೋಳಿ, ಕರು, ಮಕ್ಕಳು. ಮೇಲೆ ಇವುಗಳ ಕಟಕಟ ಸದ್ದು. ಗಂಡೂ ಹೆಣ್ಣೂ ಸರದಿಯ ಮೇಲೆ ಕಾವು ಕೂರುತ್ತವೆಯೆಂದು ನಾನು ಹೇಳಿದುದೇ ತಪ್ಪಾಯಿತು. ಮನೆಗೆ ಬಂದ ಮೇಲೆ ಒಂದು ವಾರ ಬೆಳಗಿನ ಕಾಫಿ ನನ್ನ ಸರದಿಯಾಯಿತು.

ಪಾವಗಡದ ವಿಷಯ ಬೇರೆ. ಆಕೆಯ ತವರು ಆ ಕಡೆಯ ಒಂದು ಹಳ್ಳಿ. ಮೂರು ದಿಕ್ಕಿಗೂ ಆಂಧ್ರಸೀಮೆ. ಮನೆಯ ಮಾತಿನಲ್ಲಿ ಕನ್ನಡವೂ ತೆಲುಗೂ ಬೆರೆತಿರುತ್ತವೆ. ಮದುವೆ ಮುಂಜಿಗೆಂದು ಹೋಗಿ ಬಂದುದುಂಟು. ನೋಡಲೆಂದು ಹೋದುದು ಇದೇ ಮೊದಲು. ದಾರಿಯಲ್ಲಿ ಮಿಡಿಗೇಶಿಯ ಬೆಟ್ಟ ಸಿಕ್ಕುತ್ತದೆ. ಹಿಮ್ಮಡಿಯನ್ನು ಮುಟ್ಟುವ ಕೇಶರಾಶಿಯಿದ್ದ ಒಬ್ಬ ರಾಣಿ ಗಂಡನೊಡನೆ ಚಿತೆಯೇರಿದಳೆಂದೂ, ಊರಿಗೆ ಅವಳ ಹೆಸರೇ ಬಂದಿತೆಂದೂ ಐತಿಹ್ಯ. ಬಸ್ಸಿನ ಕಿಟಕಿಯಿಂದ ಬೆಟ್ಟವನ್ನು ನೋಡುತ್ತ ಆಕೆ, “ಬದುಕಿ ಉಳಿದಿದ್ದರೆ ಊರಿಗೆ ಅವಳ ಹೆಸರನ್ನಿಡುತ್ತಿದ್ದರೇ?” ಎಂದು ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು.

ಈಗ ಪಾವಗಡವೆಂದರೆ ಶನಿಮಹಾತ್ಮನ ಗುಡಿಯ ಜೊತೆಗೆ ಸೂರ್ಯನ ಹೆಸರೂ ಕೇಳಿಬರುತ್ತದೆ, ಇಬ್ಬರೂ ತಂದೆಮಕ್ಕಳಷ್ಟೆ. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲದಲ್ಲಿ ಬಿಸಿಲಿನಿಂದ ವಿದ್ಯುತ್ತನ್ನು ತೆಗೆಯುವ ಫಲಕಗಳನ್ನು ನಿಲ್ಲಿಸಿದ್ದಾರೆ. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ 2,050 ಮೆಗಾವಾಟ್‌ನ ಪೂರ್ಣಶಕ್ತಿ ಸಿದ್ಧವಾಯಿತು. ರೈತರು ಭೂಮಿಯನ್ನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಮೊದಲಿಗೆ ಗೊತ್ತಾದ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿ ಬೀಜವನ್ನೂ ಕಳೆದುಕೊಳ್ಳುತ್ತಿದ್ದ ಸೀಮೆಗೆ ಇದು ಸಣ್ಣ ಮಾತಲ್ಲ. ಆದರೆ ಭೂಮಿಯಿಲ್ಲದೆ ಕೂಲಿಯಿಂದಲೇ ಬದುಕುತ್ತಿದ್ದವರಿಗೆ ಬಾಡಿಗೆ ಕೊಡುವವರಾರು? ಕಳೆ ಕೀಳುವ ಕೆಲಸ ಫಲಕಗಳಿಗಿಲ್ಲ.

ಆಕೆಯ ಚಿಕ್ಕಪ್ಪನವರು ನಮ್ಮನ್ನು ಬೇಲಿಯವರೆಗೆ ಕರೆದೊಯ್ದರು. ಕಣ್ಣು ಹರಿಯುವಷ್ಟು ದೂರ ನೀಲಿ. ದೂರದಿಂದ ಬಂದವರು ಕೆರೆಯೆಂದೇ ಭ್ರಮಿಸಬೇಕು. ಆಕೆ ಬೇಲಿಯುದ್ದಕ್ಕೂ ಅತ್ತಿತ್ತ ನಡೆದು ಏನನ್ನೋ ಅಳೆಯುತ್ತಿದ್ದಳು. “ಚಿಕ್ಕಪ್ಪ, ನಮ್ಮ ಬಾವಿ ಎಲ್ಲಿತ್ತು?” ಎಂದು ಕೇಳಿದಳು. ಎಂಟು ವರ್ಷದವಳಿದ್ದಾಗ ಸೊಂಟಕ್ಕೆ ಒಣಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ಬಾವಿಯಂತೆ ಅದು. ನನಗೆ ಆಕೆ ಈಜಬಲ್ಲಳೆಂಬುದೇ ತಿಳಿದಿರಲಿಲ್ಲ. ಚಿಕ್ಕಪ್ಪನವರು, “ಅದು ಬತ್ತಿ ಎಷ್ಟೋ ವರ್ಷವಾಗಿತ್ತಮ್ಮ. ಈ ಫಲಕ ಬರುವುದಕ್ಕೆ ಮುಂಚೆಯೇ ನಾನೇ ಮುಚ್ಚಿಸಿದೆ, ಕರು ಬಿದ್ದೀತೆಂದು” ಎಂದರು. ಬಳಿಕ ನನ್ನ ಕಡೆ ತಿರುಗಿ, “ಅಳಿಯಂದಿರೇ, ಬಾಡಿಗೆ ತಪ್ಪದೆ ಬರುತ್ತದೆ. ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂಬುದೇ ತೋಚುವುದಿಲ್ಲ” ಎಂದು ನಕ್ಕರು.

ಹಿಂದಿರುಗುವಾಗ ಆಕೆ ಮಾತಾಡಲಿಲ್ಲ. ನಾನೂ ಟಿಪ್ಪಣಿಯನ್ನು ತೆಗೆಯಲಿಲ್ಲ. ಮಧುಗಿರಿಯ ಬೆಟ್ಟ ಕಾಣಿಸುವ ಹೊತ್ತಿಗೆ, ಆ ಬಾವಿಗೆ ಎಷ್ಟು ಮೆಟ್ಟಿಲುಗಳಿದ್ದುವೆಂದು ನಾನೇ ಕೇಳಿದೆ. ಇಳಿಯುವವರೆಗೂ ಆಕೆ ಹೇಳುತ್ತಲೇ ಇದ್ದಳು.

ಕೊನೆಯದಾಗಿ ನಿಡುಗಲ್ಲು. ಚೋಳವಂಶದವರೆಂದು ಹೇಳಿಕೊಂಡ ಅರಸರು ಆಳಿದ ದುರ್ಗ. ಇರುಂಗೋಳನ ಕಾಲದಲ್ಲಿ, 1232ರಲ್ಲಿ, ಗಂಗೇಯನ ಮಾರೆಯನೆಂಬಾತ ಇಲ್ಲಿ ಪಾರ್ಶ್ವಜಿನನ ಬಸದಿಯನ್ನು ಕಟ್ಟಿಸಿದನೆಂದು ಶಾಸನವಿದೆ. ನಿಡಿದಾದ ಕಲ್ಲು ನಿಡುಗಲ್ಲು. ಹೆಸರನ್ನು ಬಿಡಿಸಿ ಹೇಳುವ ಕಷ್ಟವನ್ನು ಬೆಟ್ಟ ನನಗೆ ಕೊಡಲಿಲ್ಲ. ಕುರುಚಲು ಗಿಡ, ಕುಸಿದ ಗೋಡೆ, ಮುಳ್ಳು. ಮಧುಗಿರಿಯಂತೆ ಕಂಬಿಯ ಆಸರೆಯಿಲ್ಲ. ಒಂದು ಹಂತದಲ್ಲಿ ಆಕೆಯ ಮಂಡಿ ಹಿಡಿಯಿತು. ಈ ಸಲ ಕುಳಿತವಳು ಆಕೆ. ಕೈ ನೀಡಬೇಕಾದವನು ನಾನು. “ಬೇಡಿ, ನೀವು ಹೋಗಿ ನೋಡಿಕೊಂಡು ಬನ್ನಿ. ನೀರಿದೆಯೇ ಎಂದು ನೋಡಿ” ಎಂದಳು.

ಒಬ್ಬನೇ ಹತ್ತಿದೆ. ಬಂಡೆಗಳ ಸಂದಿಯಲ್ಲಿ ಒಂದು ದೊಣೆಯಿತ್ತು, ಪಾಚಿಗಟ್ಟಿದ್ದರೂ ನೀರಿತ್ತು. ಗೋಡೆ ಬಾಗಿಲುಗಳನ್ನು ನೋಡದೆ ಹಾಗೆಯೇ ಇಳಿದು ಬಂದು ಹೇಳಿದೆ. “ಎಷ್ಟು ಆಳ?” ಎಂದಳು. ಅದನ್ನು ನೋಡಿರಲಿಲ್ಲ. ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಇಬ್ಬರೂ ಕುಡಿದೆವು. ಮುಂದಿನ ಭಾನುವಾರ ಚನ್ನರಾಯನದುರ್ಗವೆಂದು ಆಕೆ ತೀರ್ಮಾನಿಸಿದ್ದಾಳೆ. ಮಂಡಿಗೆ ಎಣ್ಣೆ ಕಾಯಿಸುವುದು ನನ್ನ ಸರದಿ.