ಎರಡು ಭಾಷೆಯ ಮನೆಯಲ್ಲಿ ತಂದೆಯ ಹೊಣೆ

(ದೆಹಲಿ ಮತ್ತು ಸುತ್ತಲಿನ ಕನ್ನಡ ಜೈನ ಕುಟುಂಬಗಳ ಕ್ಷಮಾವಣಿ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ದಶಲಕ್ಷಣ ಪರ್ವವನ್ನು ಮುಗಿಸಿ ಇಂದು ಕ್ಷಮಾವಣಿಗಾಗಿ ಸೇರಿದ್ದೇವೆ. ಲೆಕ್ಕಪರಿಶೋಧಕನಾದ ನನಗೆ ಸೆಪ್ಟೆಂಬರ್ ಎಂದರೆ 30ನೆಯ ತಾರೀಖಿನ ಗಡುವು. ಇತರರ ಲೆಕ್ಕದಲ್ಲಿ ತಪ್ಪು ಹುಡುಕುವ ತಿಂಗಳು. ಇಂದು ನನ್ನ ಮನೆಯ ಲೆಕ್ಕವನ್ನೇ ನಿಮ್ಮ ಮುಂದಿಡುತ್ತೇನೆ.

ನಾನು ಬೆಳಗಾವಿ ಜಿಲ್ಲೆಯ ರೈತ ಮನೆತನದವನು. ನನ್ನ ಶ್ರೀಮತಿ ಮೀರತ್‌ನವರು. ಅವರ ಮನೆಮಾತು ಹಿಂದಿ. ಧರ್ಮ ಒಂದೇ, ಭಾಷೆ ಎರಡು. ಮಗಳಿಗೆ ಎರಡೂವರೆ ವರ್ಷವಾದರೂ ಮಾತು ಸರಾಗವಾಗಿ ಬರಲಿಲ್ಲ. ವೈದ್ಯರೊಬ್ಬರು, “ಮನೆಯಲ್ಲಿ ಒಂದೇ ಭಾಷೆ ಇರಲಿ” ಎಂದು ಸಲಹೆ ಕೊಟ್ಟರು. ಆ ಒಂದು ಭಾಷೆ ಯಾವುದೆಂದು ನಾವು ಚರ್ಚಿಸಲೂ ಇಲ್ಲ. ಕನ್ನಡ ಸದ್ದಿಲ್ಲದೆ ಮನೆಯಿಂದ ಹೊರನಡೆಯಿತು. ವೈದ್ಯರ ಸಲಹೆ ನನಗೆ ಅನುಕೂಲವೂ ಆಗಿತ್ತೆಂಬುದನ್ನು ಮುಚ್ಚಿಡಲಾರೆ. ದಣಿದು ಮನೆಗೆ ಬಂದವನಿಗೆ ಎಲ್ಲರೂ ಆಡುವ ಹಿಂದಿಯೇ ಸುಲಭವಾಗಿತ್ತು.

ನಾಲ್ಕು ವರ್ಷಗಳ ಹಿಂದೆ, ಇಂಥದೇ ಕ್ಷಮಾವಣಿಯ ದಿನ, ಊರಿನಿಂದ ಅವ್ವ ಫೋನ್ ಮಾಡಿದ್ದರು. ಹತ್ತು ವರ್ಷದ ಮೊಮ್ಮಗಳಿಗೆ, “ನನ್ನಿಂದ ಏನರ ತಪ್ಪಾಗಿದ್ದರ ಹೊಟ್ಟ್ಯಾಗ ಹಾಕ್ಕೋ, ತಂಗಿ” ಎಂದರು. ಮಗಳಿಗೆ ಕನ್ನಡದ ಹತ್ತಿಪ್ಪತ್ತು ಶಬ್ದಗಳು ಗೊತ್ತಿದ್ದವು. ಅವುಗಳಲ್ಲಿ ಹೊಟ್ಟೆಯೂ ಒಂದು. ಅವಳು ಗಾಬರಿಯಿಂದ ನನ್ನತ್ತ ತಿರುಗಿ, ಆಯಿಗೆ ಹೊಟ್ಟೆನೋವೇ ಎಂದು ಹಿಂದಿಯಲ್ಲಿ ಕೇಳಿದಳು. ನಾವೆಲ್ಲ ನಕ್ಕೆವು. ಅವ್ವನೂ ನಕ್ಕರು, ಆಮೇಲೆ, “ಇರಲಿ ಬಿಡು, ಫೋನ್ ನಿಮ್ಮಪ್ಪಗ ಕೊಡು” ಎಂದರು. ಮುಂದಿನ ದಶಲಕ್ಷಣಕ್ಕೆ ಅವ್ವ ಇರಲಿಲ್ಲ. ಅಜ್ಜಿ ಕೇಳಿದ ಕ್ಷಮೆ ಮೊಮ್ಮಗಳನ್ನು ಮುಟ್ಟಲೇ ಇಲ್ಲ.

ಬಳಿಕ ನಾನು ಈ ವಿಷಯವನ್ನು ಓದತೊಡಗಿದೆ. ಎರಡು ಭಾಷೆ ಕೇಳುವುದರಿಂದ ಮಗುವಿನ ಮಾತು ತಡವಾಗುವುದಿಲ್ಲ ಎಂಬುದು ಇಂದು ತಜ್ಞರ ಒಪ್ಪಿತ ಅಭಿಪ್ರಾಯ. ನಿಜವಾದ ತೊಂದರೆಯಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ಆದರೆ ಒಂದು ಭಾಷೆಯನ್ನು ಕಿತ್ತುಹಾಕುವುದು ಚಿಕಿತ್ಸೆಯಲ್ಲ. ಫ್ರಾನ್ಸಿನ ಜೂಲ್ ರೋಂಜಾ ಎಂಬ ಭಾಷಾವಿಜ್ಞಾನಿ ತನ್ನ ಮಗನೊಡನೆ ಫ್ರೆಂಚ್ ಮಾತ್ರ ಆಡಿದರು, ಅವರ ಪತ್ನಿ ಜರ್ಮನ್ ಮಾತ್ರ ಆಡಿದರು. ಮಗು ಎರಡನ್ನೂ ಕಲಿತ ಬಗೆಯನ್ನು ಅವರು 1913ರಲ್ಲಿಯೇ ಪುಸ್ತಕವಾಗಿ ಪ್ರಕಟಿಸಿದರು. ಒಬ್ಬರಿಗೆ ಒಂದು ಭಾಷೆ: ಇದಕ್ಕೆ ಹಣ ಬೇಡ, ಹಟ ಬೇಕು.

ನಮ್ಮ ಪರಂಪರೆ ಇದನ್ನು ಇನ್ನೂ ಹಿಂದೆಯೇ ಹೇಳಿದೆ. ಆದಿನಾಥ ಸ್ವಾಮಿಯು ಹೆಣ್ಣುಮಕ್ಕಳಾದ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದ ಕಥೆ ಇಲ್ಲಿ ಯಾರಿಗೆ ತಿಳಿಯದು? ಅಲ್ಲಿ ಕಲಿಸಿದವನು ತಂದೆ. ನಾನಂತೂ ಜೀವನವಿಡೀ ಸುಂದರಿಯ ವಿದ್ಯೆಯಲ್ಲಿ ಮುಳುಗಿ, ಮಗಳಿಗೆ ಬ್ರಾಹ್ಮಿಯ ವಿದ್ಯೆಯನ್ನು ಕೊಡಲು ಮರೆತೆ. ‘ತಾಯ್ನುಡಿ’ ಎನ್ನುತ್ತೇವೆ, ನನ್ನ ಮನೆಯಲ್ಲಿ ತಾಯಿಯ ನುಡಿ ಹಿಂದಿ. ಕನ್ನಡ ತಂದೆಯ ನುಡಿ. ತಂದೆ ಆಡದಿದ್ದರೆ ಅದನ್ನು ಆಡುವವರು ಆ ಮನೆಯಲ್ಲಿ ಬೇರೆ ಯಾರಿದ್ದಾರೆ? ಮಕ್ಕಳ ಪಾಲನೆ ಹೆಂಗಸರ ಕೆಲಸವೆಂದು ಕೈತೊಳೆದುಕೊಳ್ಳುವ ನಮ್ಮ ಗಂಡಸರ ಅಭ್ಯಾಸವೇ ಇಲ್ಲಿ ಕನ್ನಡದ ದೊಡ್ಡ ಶತ್ರು, ಹಿಂದಿಯಲ್ಲ. ಇದರ ಇನ್ನೊಂದು ಮುಖವೂ ಇದೆ. ಹಿಂದಿ ಮನೆಗಳಿಗೆ ಸೊಸೆಯಾಗಿ ಬಂದ ನಮ್ಮ ಸಹೋದರಿಯರು ಮಗುವಿನೊಡನೆ ಕನ್ನಡ ಆಡಲು ಅಂಜುತ್ತಾರೆ. ಆ ಅಂಜಿಕೆಯನ್ನು ತೆಗೆಯಬೇಕಾದವರು ಅವರ ಪತಿ ಮತ್ತು ಅತ್ತೆಮಾವಂದಿರು.

ಎರಡು ಭಾಷೆ ಜೈನರಿಗೆ ಹೊಸದಲ್ಲ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಶಾಸನಗಳು ಒಟ್ಟಿಗೆ ಇವೆ. ಮೂಡಬಿದರೆಯಲ್ಲಿ ಉಳಿದುಬಂದ ಧವಲಾ ತಾಡಪತ್ರಗಳ ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. 1939ರಿಂದ ಹೀರಾಲಾಲ್ ಜೈನ್ ಅವರು ಹಿಂದಿ ಅನುವಾದದೊಡನೆ ಅವನ್ನು ಸಂಪಾದಿಸಿ ಪ್ರಕಟಿಸಿದರು. ಉತ್ತರದ ಸ್ವಾಧ್ಯಾಯಿಗಳು ಇಂದು ಹಿಂದಿಯಲ್ಲಿ ಓದುವ ಆ ಆಗಮವನ್ನು ಶತಮಾನಗಳ ಕಾಲ ಕಾಪಾಡಿದ್ದು ಕನ್ನಡ ಅಕ್ಷರ. ಇದನ್ನು ನನ್ನ ಮಾವನವರಿಗೆ ಹೇಳಿದಾಗ ಅವರು, “ಹಾಗಾದರೆ ಮೊಮ್ಮಕ್ಕಳು ಆ ಅಕ್ಷರವನ್ನು ಕಲಿಯಲೇಬೇಕು” ಎಂದರು.

ಸರ್ಕಾರ ಮಾಡಲಿ ಎನ್ನುವವರಿಗೆ ಒಂದು ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು, ಮಾತೃಭಾಷೆ ಅಥವಾ ಸ್ಥಳೀಯ ಭಾಷೆಯಲ್ಲಿ ಬೋಧಿಸಬೇಕೆನ್ನುತ್ತದೆ. ನೋಯ್ಡಾದಲ್ಲಿಯೂ ಗುರುಗ್ರಾಮದಲ್ಲಿಯೂ ಆ ‘ಅಥವಾ’ದೊಳಗೆ ನಮ್ಮ ಮಕ್ಕಳ ಕನ್ನಡ ಕರಗಿಹೋಗುತ್ತದೆ. ಕನ್ನಡಕ್ಕೆ 2008ರಲ್ಲಿ, ಪ್ರಾಕೃತಕ್ಕೆ 2024ರಲ್ಲಿ ಶಾಸ್ತ್ರೀಯ ಸ್ಥಾನ ದೊರೆಯಿತು, ಸಂತೋಷ. ಆದರೆ ಸ್ಥಾನಮಾನಗಳು ಮಗುವನ್ನು ಮಲಗಿಸಿ ಕಥೆ ಹೇಳುವುದಿಲ್ಲ. ಲೋದಿ ಎಸ್ಟೇಟಿನಲ್ಲಿ ಕನ್ನಡ ಶಾಲೆಯಿದೆ, ರಾಮಕೃಷ್ಣಪುರದಲ್ಲಿ ಕರ್ನಾಟಕ ಸಂಘವಿದೆ. ಅವುಗಳ ನೆರವನ್ನು ಪಡೆಯೋಣ. ಆದರೆ ವಾರಕ್ಕೊಮ್ಮೆ ಅಲ್ಲಿಗೆ ಹೋಗಿಬರುವುದು ಮನೆಯ ಮಾತಿಗೆ ಬದಲಿಯಾಗದು.

ಲೆಕ್ಕ ನೋಡಿ. ಮಗು ವಾರಕ್ಕೆ ಸುಮಾರು 95 ಗಂಟೆ ಎಚ್ಚರವಿರುತ್ತದೆ. ನನ್ನಂಥ ತಂದೆಯ ಪಾಲಿಗೆ ಸಿಗುವುದು ಹತ್ತು ಗಂಟೆ. ಆ ಹತ್ತೂ ಕನ್ನಡದಲ್ಲಿರಲಿ. ಮಗು ಹಿಂದಿಯಲ್ಲಿ ಉತ್ತರಿಸಿದರೆ ಗದರಬೇಡಿ, ನೀವು ಕನ್ನಡದಲ್ಲಿಯೇ ಮುಂದುವರಿಸಿ. ನನ್ನ ಏಳು ವರ್ಷದ ಮಗ “ಅಪ್ಪಾ, ಪಾನಿ ಕೊಡು” ಎನ್ನುತ್ತಾನೆ. “ನೀರು ಬೇಕಾ? ತಗೋ” ಎಂದರಾಯಿತು. ತಪ್ಪಿಗೆ ಎಂದೂ ನಗಬೇಡಿ. ಒಮ್ಮೆ ನಕ್ಕರೆ ಮಗು ಬಾಯಿ ಮುಚ್ಚುತ್ತದೆ. ಸಮಾಜಕ್ಕೆ ನನ್ನ ವಿನಂತಿ ಒಂದೇ. ನಾವು ಪೂಜೆ, ವಿಧಾನ, ಪಂಚಕಲ್ಯಾಣಗಳಿಗೆ ಉದಾರವಾಗಿ ಕೊಡುತ್ತೇವೆ. ಮುಂದಿನ ವರ್ಷದ ಆಯವ್ಯಯದಲ್ಲಿ ಮಕ್ಕಳ ಕನ್ನಡ ಪಾಠಕ್ಕೂ, ಅಜ್ಜ ಅಜ್ಜಿಯರೊಡನೆ ವಾರದ ವೀಡಿಯೊ ಮಾತುಕತೆಗೂ ಒಂದು ಸಾಲು ಇರಲಿ. ಅದರ ಲೆಕ್ಕವನ್ನು ನಾನು ಉಚಿತವಾಗಿ ಪರಿಶೋಧಿಸಿಕೊಡುತ್ತೇನೆ.

ಮಗನಿಗೆ ಅಕ್ಷರ ತಿದ್ದಿಸುವಾಗ ಮಗಳು ತಾನಾಗಿಯೇ ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆ. ಅವಳಿಗೆ ಈಗ ಹದಿನಾಲ್ಕು. ಒಂದು ದಿನ, “ತಮ್ಮನಿಗೆ ಕೊಟ್ಟದ್ದನ್ನು ನನಗೇಕೆ ಕೊಡಲಿಲ್ಲ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಇಂದು ಈ ಸಭೆಯಲ್ಲಿದ್ದಾಳೆ. ಎಲ್ಲರ ಎದುರಿಗೆ, ಅವ್ವನ ಮಾತಿನಲ್ಲಿಯೇ ಕೇಳುತ್ತೇನೆ: ತಂಗಿ, ನನ್ನ ತಪ್ಪನ್ನು ಹೊಟ್ಟ್ಯಾಗ ಹಾಕ್ಕೋ. ಈ ಮಾತಿನ ಅರ್ಥ ಈಗ ಅವಳಿಗೆ ತಿಳಿದಿದೆ.

ನಿಮ್ಮೆಲ್ಲರಿಗೂ ಉತ್ತಮ ಕ್ಷಮಾ. ಜೈ ಜಿನೇಂದ್ರ.