ಕಲ್ನಾರಿನ ಕ್ಯಾನ್ಸರ್: ಗುಳೆ ಹೋದವರಿಗೆ ಪರಿಹಾರ ಕೊಡುವವರು ಯಾರು?

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಸಭೆಯೊಂದರಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರ ಇಲ್ಲಿಯ ಕೊಟ್ಟಿಗೆಗಳ ಮಾಡಿನಲ್ಲೇ ಇದೆ. ಹಿಂದೆ ಅಡಿಕೆಯ ಸೋಗೆ, ಕರಡ ಅಥವಾ ಹೆಂಚು ಹೊದ್ದಿದ್ದ ಕೊಟ್ಟಿಗೆ, ಬಚ್ಚಲು, ಗೊಬ್ಬರದ ಮನೆಗಳ ಮೇಲೆ ಇಂದು ಅನೇಕ ಕಡೆ ಸಿಮೆಂಟ್ ಶೀಟು ಕುಳಿತಿದೆ. ಆ ಶೀಟನ್ನು ಅಳತೆಗೆ ಕತ್ತರಿಸಿ, ತೂತು ಕೊರೆದು, ಬೋಲ್ಟು ಬಿಗಿದು ಕೂರಿಸುವ ಕೈಗಳು ಎಷ್ಟೋ ವೇಳೆ ಬಯಲುಸೀಮೆಯವು. ಕೆಲಸ ಮುಗಿದ ಸಂಜೆ ಕೂಲಿ ಎಣಿಸಿಕೊಂಡು ಆತ ಹೊರಟುಹೋಗುತ್ತಾನೆ. ಮಾಡು ಇಲ್ಲಿ ಉಳಿಯುತ್ತದೆ. ಅದರ ಧೂಳು ಆತನ ಎದೆಯಲ್ಲಿ ಉಳಿದು ಊರಿಗೆ ಹೋಗುತ್ತದೆ.

ಶೀಟಿನೊಳಗಿನ ನಾರು

ಸಿಮೆಂಟ್ ಶೀಟೆಂದು ಕರೆಯಲ್ಪಡುವ ಈ ವಸ್ತುವಿನಲ್ಲಿ ನೂರಕ್ಕೆ ಸುಮಾರು 8ರಿಂದ 10 ಭಾಗ ಆಸ್ಬೆಸ್ಟಾಸ್, ಅಂದರೆ ಕಲ್ನಾರು ಇರುತ್ತದೆ. ಕಲ್ಲೇ ನಾರಾಗಿ ಸೀಳುವ ಖನಿಜವಿದು. ಬೆಂಕಿಗೆ ಸುಡದು, ನೀರಿಗೆ ಕೊಳೆಯದು. ಈ ಗುಣಗಳಿಂದಲೇ ಅದು ಉದ್ಯಮಕ್ಕೆ ಪ್ರಿಯವಾಯಿತು; ಈ ಗುಣಗಳಿಂದಲೇ ಅದು ದೇಹಕ್ಕೆ ಮಾರಕವೂ ಆಯಿತು. ಉಸಿರಿನೊಡನೆ ಒಳಹೋದ ಕಣ್ಣಿಗೆ ಕಾಣದ ಎಳೆಯನ್ನು ಶ್ವಾಸಕೋಶ ಕರಗಿಸಲಾರದು, ಸುಲಭದಲ್ಲಿ ಹೊರದೂಡಲೂ ಆರದು.

ಕಲ್ನಾರಿನ ಎಲ್ಲ ಬಗೆಗಳೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿರ್ಣಯಿಸಿದೆ. ಶ್ವಾಸಕೋಶ, ಧ್ವನಿಪೆಟ್ಟಿಗೆ ಮತ್ತು ಅಂಡಾಶಯಗಳ ಕ್ಯಾನ್ಸರಿನ ಜೊತೆಗೆ ಶ್ವಾಸಕೋಶದ ಹೊರಪೊರೆಯಲ್ಲಿ ಕಾಣಿಸುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಈ ಪಟ್ಟಿಯಲ್ಲಿದೆ. ಈ ಕೊನೆಯದಕ್ಕೆ ಮುಖ್ಯ ಕಾರಣವೇ ಕಲ್ನಾರು. ಬೀಡಿ ಸೇದುವವನು ಕಲ್ನಾರಿನ ಧೂಳನ್ನೂ ಕುಡಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ಧೂಳು ಮೆತ್ತಿದ ಗಂಡನ ಬಟ್ಟೆಯನ್ನು ಒಗೆದ ಹೆಂಡತಿಗೆ ರೋಗ ಬಂದ ನಿದರ್ಶನಗಳೂ ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ.

ಎಲ್ಲಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದುದು ಕಾಲದ ಅಂತರವನ್ನು. ಧೂಳು ಸೇವಿಸಿದ ದಿನಕ್ಕೂ ರೋಗ ತಲೆದೋರುವ ದಿನಕ್ಕೂ ನಡುವೆ 20ರಿಂದ 50 ವರ್ಷ ಕಳೆಯಬಹುದು. ಪರಿಹಾರದ ಸಮಸ್ಯೆಯೆಲ್ಲ ಈ ಅಂತರದಲ್ಲೇ ಸಿಕ್ಕಿಕೊಂಡಿದೆ.

ಕರ್ನಾಟಕದಲ್ಲಿ ಕಲ್ನಾರು ಅಪರಿಚಿತವೇನೂ ಅಲ್ಲ. ಹಾಸನ ಜಿಲ್ಲೆಯ ಹೊಳೆನರಸೀಪುರದ ಶಿಲಾಪಟ್ಟಿಯಲ್ಲಿ ಅದರ ನಿಕ್ಷೇಪವಿದೆ. ಕೇಂದ್ರ ಸರ್ಕಾರ 1986ರಲ್ಲಿ ಹೊಸ ಗಣಿಗುತ್ತಿಗೆಗಳನ್ನೂ 1993ರಲ್ಲಿ ಹಳೆಯ ಗುತ್ತಿಗೆಗಳ ನವೀಕರಣವನ್ನೂ ನಿಲ್ಲಿಸಿತು. ನೆಲದಿಂದ ತೆಗೆಯುವುದು ಅಪಾಯವೆಂದು ಒಪ್ಪಿದ ದೇಶ ಹೊರಗಿನಿಂದ ತರಿಸುವುದನ್ನು ಮಾತ್ರ ಬಿಡಲಿಲ್ಲ. ಇಂದು ಜಗತ್ತಿನಲ್ಲಿ ಕಲ್ನಾರನ್ನು ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ಭಾರತವೇ.

ನಾಲ್ಕು ತಾಲೂಕುಗಳ ಗುಳೆ

ವಿಜಾಪುರ, ಇಂದಿನ ವಿಜಯಪುರ ಜಿಲ್ಲೆಯ ಈ ನಾಲ್ಕು ಹಳೆಯ ತಾಲೂಕುಗಳಲ್ಲಿ ಕಲ್ನಾರಿನ ಗಣಿಯಿಲ್ಲ. ಇರುವುದು ಕಪ್ಪು ಎರೆಭೂಮಿ, ಹಿಂಗಾರಿಯ ಬಿಳಿಜೋಳ, ತೊಗರಿ. ಇಂಡಿಯ ಸುತ್ತ ಹೆಸರಾದ ನಿಂಬೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ ಹರಿದರೂ ನಡುವಿನ ಬಹುಭಾಗ ನೆಲ ಮಳೆಯನ್ನೇ ನಂಬಿದೆ. ಮಳೆ ಕೈಕೊಟ್ಟ ವರ್ಷ ಊರು ಖಾಲಿಯಾಗುತ್ತದೆ. ತಾಂಡಾಗಳಿಂದ, ದಲಿತರ ಓಣಿಗಳಿಂದ, ಎರಡೆಕರೆಯ ರೈತರ ಮನೆಗಳಿಂದ ಜನ ಸೊಲ್ಲಾಪುರ, ಪುಣೆ, ಮುಂಬಯಿ, ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋಗುತ್ತಾರೆ. ಅಲ್ಲಿ ಅವರಿಗೆ ದೊರಕುವುದು ಕಟ್ಟುವ ಇಲ್ಲವೇ ಕೆಡಹುವ ಕೆಲಸ. ಹಳೆಯ ಕಾರ್ಖಾನೆಯ ಮಾಡು ಇಳಿಸುವುದು, ಕೊಳವೆ ಒಡೆಯುವುದು, ಶೀಟು ಕೊಯ್ಯುವುದು, ಒಡೆದ ಚೂರುಗಳನ್ನು ಬುಟ್ಟಿಯಲ್ಲಿ ಹೊರುವುದು. ರಾತ್ರಿ ಮಲಗುವುದೂ ಬಹುಪಾಲು ಶೀಟಿನ ಶೆಡ್ಡಿನಲ್ಲೇ.

‘ಪರಿಹಾರ’ ಎಂಬ ಶಬ್ದ ಈ ಸೀಮೆಗೆ ಹೊಸದಲ್ಲ. 1964ರಲ್ಲಿ ಆಲಮಟ್ಟಿಗೆ ಅಡಿಗಲ್ಲು ಬಿದ್ದಂದಿನಿಂದ ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಜನ ಆ ಶಬ್ದದೊಡನೆಯೇ ಬದುಕಿದ್ದಾರೆ. ಮುಳುಗಡೆಯ ಪರಿಹಾರ ಕಡಮೆಯಾಯಿತು, ತಡವಾಯಿತು ಎಂಬ ದೂರು ಬೇರೆಯ ಮಾತು. ಆದರೆ ಹೊಲದವನ ಕೈಯಲ್ಲಿ ಉತಾರವಿತ್ತು. ಯಾವ ಸರ್ವೆ ನಂಬರು, ಎಷ್ಟು ಎಕರೆ, ಯಾವ ಬೆಳೆ ಎಂಬುದು ಸರ್ಕಾರದ ಕಾಗದದಲ್ಲೇ ಇತ್ತು. ಬೆಳೆನಷ್ಟಕ್ಕೂ ಇದೇ ಕ್ರಮ. ಗುಳೆ ಹೋದವನ ಶ್ವಾಸಕೋಶಕ್ಕೆ ಮಾತ್ರ ಉತಾರವಿಲ್ಲ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. 1994ರಲ್ಲಿ ಸಿಂದಗಿ ಕಡೆಯ 20 ವರ್ಷದ ತರುಣನೊಬ್ಬ ಪುಣೆಗೆ ಹೋದನೆನ್ನಿ. ಆರು ವರ್ಷಗಳಲ್ಲಿ ಹತ್ತಾರು ಮೇಸ್ತ್ರಿಗಳ ಕೈಕೆಳಗೆ ಶೀಟಿನ ಕೆಲಸ ಮಾಡಿ 2000ದಲ್ಲಿ ಊರಿಗೆ ಮರಳಿ ಒಕ್ಕಲುತನಕ್ಕೆ ನಿಂತ. ಈಗ, 52ರ ವಯಸ್ಸಿನಲ್ಲಿ, ಉಸಿರು ಕಟ್ಟುತ್ತದೆ, ಎದೆಯಲ್ಲಿ ನೀರು ತುಂಬುತ್ತದೆ. ಮೊದಲು ಕ್ಷಯವೆಂದು ಔಷಧ ನಡೆಯುತ್ತದೆ. ಗುಣ ಕಾಣದೆ ಕಲಬುರಗಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋದಾಗ ಕ್ಯಾನ್ಸರೆಂದು ತಿಳಿಯುತ್ತದೆ. ‘ಉದ್ಯೋಗವೇನು?’ ಎಂದು ಕೇಳಿದವರಿಗೆ ಆತ ‘ಒಕ್ಕಲುತನ’ ಎನ್ನುತ್ತಾನೆ. ಆತ ಹೇಳಿದ್ದು ಸುಳ್ಳಲ್ಲ. ಆದರೆ ‘ಕೃಷಿಕ’ ಎಂಬ ಆ ಒಂದು ಪದ ದಾಖಲೆಗೆ ಇಳಿದ ಗಳಿಗೆಯಲ್ಲೇ ಆತನ ಪರಿಹಾರದ ಬಾಗಿಲು ಮುಚ್ಚಿತು.

ಕಾನೂನಿನಲ್ಲಿ ಇರುವುದು, ಇಲ್ಲದಿರುವುದು

ಕಾನೂನು ಈ ರೋಗವನ್ನು ಅರಿಯದೆಯೇನೂ ಇಲ್ಲ. 1923ರ ಕಾರ್ಮಿಕ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿ, ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೀಸೋಥೀಲಿಯೋಮಾಗಳನ್ನು ಔದ್ಯೋಗಿಕ ರೋಗಗಳೆಂದು ಹೆಸರಿಸಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಪಟ್ಟಿಯನ್ನು ಉಳಿಸಿಕೊಂಡಿದೆ.

ತೊಡಕಿರುವುದು ಷರತ್ತುಗಳಲ್ಲಿ. ಹಳೆಯ ಕಾಯಿದೆಯ ಪ್ರಕಾರ ಇಂಥ ರೋಗಕ್ಕೆ ಪರಿಹಾರ ಬೇಕಾದರೆ ಕಾರ್ಮಿಕ ಒಬ್ಬನೇ ಮಾಲೀಕನ ಬಳಿ ಕನಿಷ್ಠ 6 ತಿಂಗಳು ಸತತ ದುಡಿದಿರಬೇಕಿತ್ತು. ಕೆಲಸ ಬಿಟ್ಟವನಿಗೆ 2 ವರ್ಷದೊಳಗೆ ರೋಗಲಕ್ಷಣ ಕಾಣಿಸಿಕೊಂಡರೆ ಮಾತ್ರ ಕಾಲಮಿತಿಯಲ್ಲಿ ಅನುಕೂಲವಿತ್ತು. ಮೂವತ್ತು ವರ್ಷ ಅವಿತಿರುವ ರೋಗಕ್ಕೆ ಎರಡು ವರ್ಷದ ಗಡುವು! ಹೊಸ ಸಂಹಿತೆಯಲ್ಲೂ ವ್ಯವಸ್ಥೆಯ ತಳಹದಿ ಬದಲಾಗಿಲ್ಲ: ಹೊಣೆ ಮಾಲೀಕನದು, ಆದ್ದರಿಂದ ಮಾಲೀಕನನ್ನು ತೋರಿಸಬೇಕು. ಮೇಸ್ತ್ರಿಯ ಅಡ್ಡಹೆಸರನ್ನು ಬಿಟ್ಟು ಬೇರೇನೂ ತಿಳಿಯದ ಕೂಲಿಕಾರ ತೋರಿಸುವುದು ಯಾರನ್ನು?

ಸುಪ್ರೀಂ ಕೋರ್ಟ್ 1995ರ ಜನವರಿ 27ರಂದು ಈ ವಿಷಯದಲ್ಲಿ ಮಹತ್ವದ ತೀರ್ಪು ನೀಡಿತು. ಕನ್ಸ್ಯೂಮರ್ ಎಜುಕೇಶನ್ ಅಂಡ್ ರಿಸರ್ಚ್ ಸೆಂಟರ್ 1986ರಲ್ಲಿ ಸಲ್ಲಿಸಿದ್ದ ಅರ್ಜಿಯ ಮೇಲೆ ಬಂದ ಆ ತೀರ್ಪು, ಕಾರ್ಮಿಕನ ಆರೋಗ್ಯದ ಹಕ್ಕು ಸಂವಿಧಾನದ 21ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಕಲ್ನಾರಿನ ಉದ್ಯಮಗಳು ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ ಕಾಯ್ದಿಡಬೇಕೆಂದು ಆಜ್ಞಾಪಿಸಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ರೋಗಪೀಡಿತರೆಂದು ದೃಢೀಕರಿಸಿದವರಿಗೆ 1 ಲಕ್ಷ ರೂಪಾಯಿ ಪರಿಹಾರವನ್ನೂ ವಿಧಿಸಿತು. ರೋಗದ ನಿಧಾನಗತಿಯನ್ನು ನ್ಯಾಯಾಲಯ ಸರಿಯಾಗಿಯೇ ಗ್ರಹಿಸಿತ್ತು. ಆದರೆ ತೀರ್ಪಿನ ದೃಷ್ಟಿ ನೆಟ್ಟಿದ್ದುದು ಗಣಿ ಮತ್ತು ಕಾರ್ಖಾನೆಗಳ ಮೇಲೆ. ಕಾರ್ಖಾನೆಯ ಗೇಟು ದಾಟಿ ಬಂದ ಶೀಟನ್ನು ಊರೂರಲ್ಲಿ ಕತ್ತರಿಸುವವನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ.

ಚಿಕಿತ್ಸೆಯ ನೆರವು ಇದೆಯಲ್ಲ ಎನ್ನಬಹುದು. 2018ರಿಂದ ನಡೆದಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿಂದ ಬಡ ಕುಟುಂಬಗಳಿಗೆ ಅನುಕೂಲವಾಗಿದೆ. ಆದರೆ ಚಿಕಿತ್ಸೆಯೇ ಪರಿಹಾರವಲ್ಲ. ಆಸ್ಪತ್ರೆಯ ಬಿಲ್ಲು ತೀರಿದರೂ ದುಡಿಯುವ ಕೈ ಬಿದ್ದುಹೋದ ಮನೆಯ ನಷ್ಟ ತೀರದು. ಅದಲ್ಲದೆ ರೋಗಕ್ಕೆ ಕಾರಣ ಕಲ್ನಾರು ಎಂಬ ಸತ್ಯವನ್ನು ಚಿಕಿತ್ಸೆಯ ಬಿಲ್ಲು ಎಲ್ಲಿಯೂ ನುಡಿಯುವುದಿಲ್ಲ.

ಮಾಲೀಕ ಸಿಗದಿದ್ದರೆ

ಈ ತೊಡಕನ್ನು ಬೇರೆ ದೇಶಗಳೂ ಎದುರಿಸಿವೆ. ಜಪಾನಿನ ಅಮಗಾಸಾಕಿ ಪಟ್ಟಣದಲ್ಲಿ ಕಲ್ನಾರು ಬಳಸುತ್ತಿದ್ದ ಹಳೆಯ ಕಾರ್ಖಾನೆಯೊಂದರ ನೆರೆಹೊರೆಯ ನಿವಾಸಿಗಳಿಗೂ ಮೀಸೋಥೀಲಿಯೋಮಾ ತಗುಲಿದ ಸಂಗತಿ 2005ರಲ್ಲಿ ಬೆಳಕಿಗೆ ಬಂತು. ಮರುವರ್ಷವೇ, 2006ರಲ್ಲಿ, ಆ ದೇಶ ಪ್ರತ್ಯೇಕ ಪರಿಹಾರ ಕಾಯಿದೆಯನ್ನು ಜಾರಿಗೆ ತಂದಿತು. ಕಾರ್ಮಿಕ ವಿಮೆಯ ವ್ಯಾಪ್ತಿಗೆ ಬಾರದವರಿಗೂ, ಮಾಲೀಕನನ್ನು ತೋರಿಸಲಾಗದವರಿಗೂ ಅಲ್ಲಿ ನೆರವು ಸಿಗುತ್ತದೆ; ಸರ್ಕಾರ ಮತ್ತು ಉದ್ಯಮಗಳು ಕೂಡಿ ನಿಧಿಗೆ ಹಣ ತುಂಬುತ್ತವೆ. ಫ್ರಾನ್ಸ್ 2000ದ ಡಿಸೆಂಬರಿನ ಕಾನೂನಿನಿಂದ ಕಲ್ನಾರು ಸಂತ್ರಸ್ತರ ನಿಧಿಯೊಂದನ್ನು ಸ್ಥಾಪಿಸಿತು. ಬ್ರಿಟನ್ನಿನ 2014ರ ಕಾಯಿದೆ, ಮಾಲೀಕನೂ ಅವನ ವಿಮಾ ಕಂಪನಿಯೂ ಪತ್ತೆಯಾಗದ ಮೀಸೋಥೀಲಿಯೋಮಾ ರೋಗಿಗಳಿಗೆಂದೇ ರೂಪುಗೊಂಡಿತು. ಅದರ ಹಣವನ್ನು ವಿಮಾ ಕಂಪನಿಗಳಿಂದಲೇ ವಸೂಲು ಮಾಡಲಾಗುತ್ತದೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಲ್ಲುಗಣಿಗಳ ಸಿಲಿಕಾ ಧೂಳಿನಿಂದ ನಲುಗಿದ ರಾಜಸ್ಥಾನ ಸರ್ಕಾರ 2019ರಲ್ಲಿ ಧೂಳುರೋಗಗಳ ಕುರಿತು ನೀತಿಯೊಂದನ್ನು ಪ್ರಕಟಿಸಿತು. ವೈದ್ಯರ ಪ್ರಮಾಣಪತ್ರ ದೊರೆತ ರೋಗಿಗೆ 3 ಲಕ್ಷ ರೂಪಾಯಿ, ಆತ ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ, ಜೊತೆಗೆ ಮಾಸಾಶನ. ಮಾಲೀಕ ಯಾರೆಂದು ಹುಡುಕುವ ಭಾರವನ್ನು ರೋಗಿಯ ತಲೆಯಿಂದ ಇಳಿಸಿದುದೇ ಆ ನೀತಿಯ ಹೆಚ್ಚುಗಾರಿಕೆ.

ಕರ್ನಾಟಕಕ್ಕೂ ಈ ದಾರಿ ಮುಚ್ಚಿಲ್ಲ. ಕಟ್ಟಡಗಳ ವೆಚ್ಚದ ಮೇಲೆ ಸಂಗ್ರಹವಾಗುವ ಸೆಸ್ ಹಣ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿದೆ. ಆ ಹಣ ಹುಟ್ಟುವುದೇ ಕಟ್ಟಡದ ಧೂಳಿನಲ್ಲಿ. ಕಲ್ನಾರಿನ ಕ್ಯಾನ್ಸರಿಗೆ ಅದರಲ್ಲೊಂದು ಪಾಲು ಮೀಸಲಾಗಬೇಕು. ಆಮದಾಗುವ ಕಲ್ನಾರಿನ ಮೇಲೆ ಕೇಂದ್ರ ಸರ್ಕಾರ ಸೆಸ್ ವಿಧಿಸಿ ಅದನ್ನೂ ಈ ನಿಧಿಗೆ ಸೇರಿಸಬೇಕು. ಪರಿಹಾರವು ಮಾಲೀಕನ ವಿಳಾಸವನ್ನಲ್ಲ, ರೋಗದ ಪ್ರಮಾಣಪತ್ರವನ್ನು ಆಧರಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಔದ್ಯೋಗಿಕ ಆರೋಗ್ಯ ಕೇಂದ್ರ ಬೆಂಗಳೂರಿನಲ್ಲೇ ಇದೆ. ಅದರ ನೆರವಿನಿಂದ ಜಿಲ್ಲೆಯ ವೈದ್ಯರನ್ನು ಸಜ್ಜುಗೊಳಿಸಬಹುದು.

ಹಳ್ಳಿಗಳಲ್ಲಿ ಈಗಲೇ ಆಗಬೇಕಾದ ಕೆಲಸ

ನಿಧಿ ಬರುವವರೆಗೂ ಕಾದರೆ ದಾಖಲೆಗಳು ಅಳಿಯುತ್ತವೆ. ಆದ್ದರಿಂದ ಮೊದಲ ಕೆಲಸ ಬರೆದಿಡುವುದು. ಗುಳೆ ಹೋಗಿ ಬಂದ ಪ್ರತಿಯೊಬ್ಬರ ಕೆಲಸದ ವಿವರವನ್ನು ಗ್ರಾಮ ಪಂಚಾಯಿತಿಯಲ್ಲಾಗಲಿ ಸ್ತ್ರೀಶಕ್ತಿ ಸಂಘದಲ್ಲಾಗಲಿ ಪುಸ್ತಕವೊಂದರಲ್ಲಿ ದಾಖಲಿಸಬೇಕು: ಯಾವ ವರ್ಷ, ಯಾವ ಊರು, ಯಾವ ಕೆಲಸ, ಎಷ್ಟು ತಿಂಗಳು, ಮೇಸ್ತ್ರಿ ಯಾರು, ಜೊತೆಗೆ ದುಡಿದವರು ಯಾರು. ಜೊತೆಗಾರನ ಸಾಕ್ಷಿ ಮುಂದೊಂದು ದಿನ ಮಾಲೀಕನ ಕಾಗದಕ್ಕಿಂತ ಬೆಲೆಯುಳ್ಳದ್ದಾದೀತು. ಆಸ್ಪತ್ರೆಗೆ ಹೋದಾಗ ಇಂದಿನ ಉದ್ಯೋಗದ ಜೊತೆಗೆ ಹಿಂದಿನ ಎಲ್ಲ ಕೆಲಸಗಳನ್ನೂ ವೈದ್ಯರಿಗೆ ತಿಳಿಸಿ ಬರೆಯಿಸಬೇಕು. ಎಕ್ಸ್‌ರೇ, ಬಯಾಪ್ಸಿ ವರದಿಗಳನ್ನು ಎಸೆಯಬಾರದು. ರಜೆಯಲ್ಲಿ ಇಂಥ ಪುಸ್ತಕ ಬರೆಯುವ ಹೊಣೆಯನ್ನು ವಿದ್ಯಾರ್ಥಿಗಳು ಹೊತ್ತರೆ ಅದಕ್ಕಿಂತ ಒಳ್ಳೆಯ ಸಮಾಜಕಾರ್ಯ ಬೇರೊಂದಿಲ್ಲ.

ಮಲೆನಾಡಿನ ಮನೆಗಳಿಗೂ ಹೊಣೆಯಿದೆ. ಇಲ್ಲಿ ಕೂಲಿ ಕೊಟ್ಟು ಮಾಡು ಹೊದಿಸುವ ಯಜಮಾನನೂ ಆ ಕಾರ್ಮಿಕನ ಪಾಲಿಗೆ ಒಬ್ಬ ಮಾಲೀಕನೇ. ಹೊಸ ಮಾಡಿಗೆ ಕಲ್ನಾರಿನ ಶೀಟು ತರದಿರುವುದು ಎಲ್ಲಕ್ಕಿಂತ ಉತ್ತಮ. ಹೆಂಚು ಇದೆ, ಕಲ್ನಾರಿಲ್ಲದ ಶೀಟುಗಳೂ ದೊರೆಯುತ್ತವೆ. ಹಳೆಯ ಶೀಟು ಗಟ್ಟಿಯಾಗಿ ಕುಳಿತಿದ್ದರೆ ಅದನ್ನು ಕೆಣಕಬಾರದು. ಮಳೆಗಾಲಕ್ಕೆ ಮುನ್ನ ಪಾಚಿ ತೆಗೆಯಲೆಂದು ತಂತಿ ಬ್ರಷ್ಷಿನಿಂದ ಉಜ್ಜಿಸುವುದು, ಒಣಶೀಟನ್ನು ಯಂತ್ರದಿಂದ ಕೊಯ್ಯಿಸುವುದು, ಒಡೆದ ಚೂರುಗಳನ್ನು ಕಾಲುದಾರಿಯ ಕೆಸರಿಗೆ ಹಾಸುವುದು ನಿಲ್ಲಬೇಕು. ತೆಗೆಯಲೇಬೇಕಾದರೆ ನೀರಿನಲ್ಲಿ ಚೆನ್ನಾಗಿ ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಬೇಕು. ಕೆಲಸದವನಿಗೆ ಧೂಳು ತಡೆಯುವ ಸರಿಯಾದ ಮುಖವಾಡ ಕೊಡಬೇಕು. ಹೆಗಲ ಮೇಲಿನ ಟವೆಲ್ಲು ಈ ಎಳೆಗಳನ್ನು ತಡೆಯಲಾರದು.

ಕೆಲಸ ಮುಗಿದಾಗ ಕೂಲಿಯ ಜೊತೆಗೆ ಒಂದು ಚೀಟಿ ಬರೆದು ಕೊಡಿ: ಇಂಥವರು, ಇಂಥ ದಿನದಿಂದ ಇಂಥ ದಿನದವರೆಗೆ, ಇಂಥ ಊರಿನ ಇಂಥ ಮನೆಯಲ್ಲಿ ಶೀಟಿನ ಕೆಲಸ ಮಾಡಿದ್ದಾರೆ ಎಂದು ಬರೆದು ಕೆಳಗೆ ಸಹಿ ಹಾಕಿ. ಅದಕ್ಕೆ ಬೇಕಾಗುವುದು ಅರ್ಧ ಹಾಳೆ, ಐದು ನಿಮಿಷ. ಮೂವತ್ತು ವರ್ಷಗಳ ಅನಂತರ ಇಂಡಿಯಲ್ಲೋ ಮುದ್ದೇಬಿಹಾಳದಲ್ಲೋ ಒಂದು ಕುಟುಂಬಕ್ಕೆ ಬೇರೆ ಯಾವ ದಾಖಲೆಯೂ ಇಲ್ಲದಿರಬಹುದು.