ಎರೆಮಣ್ಣಿನ ಅಂಗಳದಲ್ಲಿ ಕೃತಕ ಹುಲ್ಲು



ಇಂಡಿ ತಾಲ್ಲೂಕಿನ ಸಾಲೋಟಗಿಯ ಹೆಸರನ್ನು ನೀವು ಇತಿಹಾಸದಲ್ಲಿ ಓದಿರಬಹುದು, ಕ್ರಿ.ಶ. 945ರ ಶಾಸನ ಹೇಳುವ ವಿದ್ಯಾಶಾಲೆಯ ಊರು. ಇಂದು ನಮ್ಮ ಪಾಠ ಆ ಸೀಮೆಯ ಎರೆಮಣ್ಣಿನದು. ಬೇಸಿಗೆಯಲ್ಲಿ ಬಿರಿಯುವ, ಮಳೆಯಲ್ಲಿ ಉಬ್ಬುವ ಇಂಥ ನೆಲದ ಅಂಗಳಕ್ಕೆ ಪ್ಲಾಸ್ಟಿಕ್ ಹುಲ್ಲುಹಾಸು ಹೊಂದೀತೇ?

ಬಸಾಲ್ಟ್ ಶಿಲೆ ಶಿಥಿಲವಾಗಿ ಉಂಟಾದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಅದರ ಪದರಗಳ ನಡುವೆ ನೀರು ನುಗ್ಗಿ ಅವುಗಳನ್ನು ದೂರ ತಳ್ಳುತ್ತದೆ. ಉಪಾಧ್ಯಾಯರ ಎದುರಿನಲ್ಲಿ ಪರೀಕ್ಷಿಸಿ ನೋಡಿ. ಒಣಗಿಸಿ ನುಣ್ಣಗೆ ಜರಡಿ ಹಿಡಿದ ಮಣ್ಣನ್ನು ಎರಡು ಅಳತೆಜಾಡಿಗಳಿಗೆ 10 ಮಿ.ಲೀ.ನಂತೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕದಡಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬದು; ನೀರಿನಲ್ಲಿ ಎಷ್ಟು ಮೇಲೇರಿತೋ ಗುರುತು ಹಾಕಿಕೊಳ್ಳಿ. ನಿಮ್ಮ ಅಂಗಳವೂ ಅದೇ ರೀತಿ ಏರಿಳಿಯುತ್ತದೆ.

ಆದ್ದರಿಂದ ಹಾಸನ್ನು ನೇರವಾಗಿ ಎರೆಯ ಮೇಲೆ ಹಾಸಿದರೆ ಉಬ್ಬುತಗ್ಗು ಖಂಡಿತ. ಮೇಲ್ಮಣ್ಣು ತೆಗೆದು, ನೀರು ಸೋಸುವ ಬಟ್ಟೆ ಹಾಸಿ, ಖಡಿ ತುಂಬಿ ದಮ್ಮಸ್ಸು ಮಾಡಬೇಕು. ಆದರೆ ಅಷ್ಟರಿಂದ ಮುಗಿಯದು! ಜೇಡಿನೆಲದಲ್ಲಿ ಖಡಿ ತುಂಬಿದ ಗುಂಡಿ ಬಾನಿಯ ಹಾಗೆ ನೀರು ಹಿಡಿದಿಡುತ್ತದೆ. ಗೋಡೆಯಿಂದ ಆಚೆಗೆ ನೂರಕ್ಕೆ ಒಂದೆರಡರಷ್ಟು ಇಳಿಜಾರು, ತಳದಲ್ಲಿ ನೀರು ಹೊರಹೋಗಲು ತೂತಿನ ಪೈಪು ಇರಲೇಬೇಕು. ಖರ್ಚಿನ ಕೆಲಸವೆಂದು ಜನ ಬಿಟ್ಟುಬಿಡುವುದು ಇದನ್ನೇ.

ಇನ್ನು ಬಿಸಿಲು. ಜೀವಂತ ಹುಲ್ಲು ನೀರಾವಿ ಬಿಟ್ಟು ತಂಪಾಗುತ್ತದೆ. ಪ್ಲಾಸ್ಟಿಕ್ಕಿಗೆ ಆ ಉಪಾಯವಿಲ್ಲ. ಕಡುಬಿಸಿಲಿನಲ್ಲಿ ಅದು 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಬರಿಗಾಲಿನ ಮಗು ಅಲ್ಲಿ ಆಡಲಾರದು. ನೀರು ಚಿಮುಕಿಸಿದರೆ ತಂಪು ಸ್ವಲ್ಪ ಹೊತ್ತು ಮಾತ್ರ. ನೀರು ಉಳಿಸಲೆಂದು ಹಾಸು ತರುವವರು ಈ ಲೆಕ್ಕವನ್ನೂ ಹಾಕಲಿ. ನನ್ನನ್ನು ಕೇಳಿದರೆ, ನೆರಳು ಬೀಳುವ ಒಂದು ಮೂಲೆಗೆ ಹಾಸಿ, ಉಳಿದ ಅಂಗಳವನ್ನು ಮಣ್ಣಾಗಿಯೇ ಬಿಡಿ ಎನ್ನುತ್ತೇನೆ.